ಪ್ರಿಂಟರಿಗೆ ಡ್ರೈವರಿನ ಹಂಗು ಇನ್ನೆಷ್ಟು ದಿನ?

ಯಾವುದೇ ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಪಹಣಿ ಡೌನ್‌ಲೋಡ್ ಮಾಡಿಕೊಂಡ ರೈತ, ಹಾಲ್ ಟಿಕೆಟ್ ಬೇಕಾದ ಪಿಯುಸಿ ಹುಡುಗಿ, ಅಜ್ಜಿಯ ಪಿಂಚಣಿಗೆಂದು ಆಧಾರ್ ಪ್ರತಿ ತೆಗೆಸಲು ಬಂದ ಮೊಮ್ಮಗ, ಎಲ್ಲರದೂ ಒಂದೇ ಮಾತು: ‘ಅಣ್ಣಾ, ಇದೊಂದು ಪ್ರಿಂಟ್ ತೆಗೆದುಕೊಡಿ.’ ಅಂಗಡಿಯವರ ಉತ್ತರವೂ ಒಂದೇ: ‘ಗೋಡೆ ಮೇಲೆ ನಂಬರ್ ಇದೆ ನೋಡಿ, ವಾಟ್ಸಾಪ್ ಮಾಡಿ.’ ಫೋನಿನಿಂದ ಹೊರಟ ಫೈಲು ಎಲ್ಲಿಯದೋ ಸರ್ವರನ್ನು ಹಾದು, ಅಂಗಡಿಯ ಕಂಪ್ಯೂಟರಿಗೆ ಬಂದು, ಅಲ್ಲಿ ಡೌನ್‌ಲೋಡ್ ಆಗಿ, ಕೊನೆಗೆ ಗಿರಾಕಿಯಿಂದ ಮೂರು ಅಡಿ ದೂರದಲ್ಲಿರುವ ಪ್ರಿಂಟರಿನಿಂದ ಹೊರಬೀಳುತ್ತದೆ. ಕಾಗದ ಹಿಡಿದು ಗಿರಾಕಿ ಮನೆಗೆ ಹೋಗುತ್ತಾರೆ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಪುಸ್ತಕದ ಫೈಲುಗಳು ಮಾತ್ರ ಆ ಕಂಪ್ಯೂಟರಿನಲ್ಲೇ ಉಳಿಯುತ್ತವೆ.

ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಗಿರಾಕಿಯ ಫೋನು ಆಂಡ್ರಾಯ್ಡ್‌ನದು, ಅಂಗಡಿಯ ಕಂಪ್ಯೂಟರ್ ವಿಂಡೋಸ್‌ನದು, ಪ್ರಿಂಟರಿಗೆ ಆ ಒಂದು ಕಂಪ್ಯೂಟರ್ ಬಿಟ್ಟು ಬೇರೆಯವರ ಮಾತು ತಿಳಿಯದು. ಕಾಲೇಜಿನ ಲ್ಯಾಬ್, ವಕೀಲರ ಚೇಂಬರ್, ಸಣ್ಣ ಪ್ರಕಾಶನ ಸಂಸ್ಥೆ ಎಲ್ಲೆಡೆ ಇದೇ ತೊಡಕು. ಪುಟ ವಿನ್ಯಾಸ ಮಾಡುವವರದು ಮ್ಯಾಕ್, ಲೆಕ್ಕ ಬರೆಯುವವರದು ವಿಂಡೋಸ್, ಸರ್ವರ್ ನೋಡಿಕೊಳ್ಳುವವರದು ಲಿನಕ್ಸ್. ಪ್ರಿಂಟರ್ ಇರುವುದು ಒಂದೇ. ಹಾಗಾಗಿ ಎಲ್ಲರೂ ಪೆನ್‌ಡ್ರೈವ್ ಹಿಡಿದು ಅದನ್ನು ಜೋಡಿಸಿರುವ ಮೇಜಿನ ಬಳಿ ಸರದಿ ನಿಲ್ಲುತ್ತಾರೆ. ಈ ಸಮಸ್ಯೆಗೆ ಪರಿಹಾರ ಕಂಡುಹಿಡಿದು ಕಾಲು ಶತಮಾನ ಕಳೆದಿದೆ. ಅದು ನಮ್ಮ ಮೇಜಿನವರೆಗೆ ಬಂದಿಲ್ಲವೆಂದರೆ ಕಾರಣ ಒಂದೇ, ಕೊಳ್ಳುವಾಗ ಯಾರೂ ಅದನ್ನು ಕೇಳುತ್ತಿಲ್ಲ. ಕನಿಷ್ಠಪಕ್ಷ ಸಾರ್ವಜನಿಕ ಹಣದಲ್ಲಿ ನಡೆಯುವ ಶಾಲೆ, ಕಚೇರಿ, ನ್ಯಾಯಾಲಯಗಳಾದರೂ ಇನ್ನು ಮುಂದೆ ಡ್ರೈವರ್ ಬೇಡದ ಪ್ರಿಂಟರನ್ನಷ್ಟೇ ಕೊಳ್ಳಬೇಕು.

ತೊಡಕು ಎಲ್ಲಿದೆ ಎಂಬುದನ್ನು ಸರಿಯಾಗಿ ಅರಿಯದೆ ಪರಿಹಾರ ಹೊಳೆಯುವುದಿಲ್ಲ. ಒಂದು ಕಂಪ್ಯೂಟರಿನಿಂದ ಪ್ರಿಂಟರಿಗೆ ಪುಟ ತಲುಪಲು ಎರಡು ಸಂಗತಿ ಬೇಕು. ಮೊದಲನೆಯದು ದಾರಿ, ಎರಡನೆಯದು ಭಾಷೆ. ಅಂಚೆಯಣ್ಣ ಪತ್ರವನ್ನು ಸರಿಯಾದ ಮನೆಗೇ ತಲುಪಿಸಿದರೂ ಅದು ಮನೆಯವರಿಗೆ ಬಾರದ ಲಿಪಿಯಲ್ಲಿದ್ದರೆ ಏನುಪಯೋಗ? ನೆಟ್‌ವರ್ಕ್ ಪ್ರಿಂಟಿಂಗ್‌ನಲ್ಲಿ ಬಹಳ ಜನ ದಾರಿಯನ್ನು ಮಾತ್ರ ಸರಿಪಡಿಸಿ ಸೋಲುತ್ತಾರೆ. ವಿಂಡೋಸ್‌ನಲ್ಲಿ ಪ್ರಿಂಟರನ್ನು ‘ಶೇರ್’ ಮಾಡುತ್ತಾರೆ, ಲಿನಕ್ಸ್ ಕಂಪ್ಯೂಟರಿಗೆ ಅದು ಕಾಣುತ್ತದೆ, ಪ್ರಿಂಟ್ ಕೊಟ್ಟರೆ ಕೆಲಸ ಹೋದ ಹಾಗೂ ತೋರುತ್ತದೆ. ಆದರೆ ಕಾಗದ ಬರುವುದಿಲ್ಲ. ಕೆಲವೊಮ್ಮೆ ಬೇಡದ ಚಿಹ್ನೆಗಳು ತುಂಬಿದ ಪುಟಗಳು ಒಂದರ ಹಿಂದೊಂದು ಬರುತ್ತವೆ, ನಿಲ್ಲಿಸಲು ಪ್ರಿಂಟರಿನ ಸ್ವಿಚ್ ಆರಿಸಬೇಕಾಗುತ್ತದೆ. ದಾರಿ ಸರಿಯಿದೆ, ಭಾಷೆ ಸರಿಯಿಲ್ಲ.

ಕ್ಯಾನನ್ ಎಲ್‌ಬಿಪಿ 2900 ಇದಕ್ಕೆ ಒಳ್ಳೆಯ ಉದಾಹರಣೆ. ಕರ್ನಾಟಕದ ಜೆರಾಕ್ಸ್ ಅಂಗಡಿ, ಸೊಸೈಟಿ, ಗ್ರಾಮ ಪಂಚಾಯಿತಿಗಳನ್ನು ಸುತ್ತಿದವರಿಗೆಲ್ಲ ಈ ಪುಟ್ಟ ಲೇಸರ್ ಯಂತ್ರದ ಗುರುತಿದೆ. ಗಟ್ಟಿಮುಟ್ಟಾದದ್ದು, ನಿಮಿಷಕ್ಕೆ 12 ಪುಟ ತೆಗೆಯುತ್ತದೆ, ಟೋನರ್ ಎಲ್ಲ ಊರಲ್ಲೂ ಸಿಗುತ್ತದೆ, ರೀಫಿಲ್ ಮಾಡುವವರೂ ಇದ್ದಾರೆ. ಆದರೆ ಅದಕ್ಕೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗವಿಲ್ಲ, ವೈಫೈ ಇಲ್ಲ, ಇರುವುದು ಯುಎಸ್‌ಬಿ ಮಾತ್ರ. ಅದಕ್ಕಿಂತ ದೊಡ್ಡ ಮಿತಿ ಒಳಗಿದೆ. ಅಕ್ಷರ ಬಿಡಿಸುವ, ಪುಟ ಕಟ್ಟುವ ಕೆಲಸ ಅದಕ್ಕೆ ಬಾರದು. ಪುಟವನ್ನೆಲ್ಲ ಕಂಪ್ಯೂಟರೇ ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಒತ್ತಿ ಚಿಕ್ಕದಾಗಿಸಿ, ‘ಕ್ಯಾಪ್ಟ್’ ಎಂಬ ಕ್ಯಾನನ್‌ನದೇ ಭಾಷೆಯಲ್ಲಿ ಪಟ್ಟಿ ಪಟ್ಟಿಯಾಗಿ ಕಳಿಸಬೇಕು. ಆ ಭಾಷೆ ಬಲ್ಲದ್ದು ಕ್ಯಾನನ್ ಕೊಟ್ಟ ಡ್ರೈವರ್. ಲಿನಕ್ಸ್‌ಗೂ ಕಂಪನಿ ಡ್ರೈವರ್ ಕೊಟ್ಟಿತ್ತು. ಅದನ್ನು ಅಳವಡಿಸಲು ಪಾಡುಪಟ್ಟವರು ಜಗತ್ತಿನ ಎಲ್ಲೆಡೆ ಇದ್ದಾರೆ. ಅದು ಇಂಟೆಲ್ ಮಾದರಿಯ ಪ್ರೊಸೆಸರುಗಳಿಗೆಂದು ತಯಾರಾದದ್ದರಿಂದ ರಾಸ್ಬೆರಿ ಪೈನಂಥ ಸಣ್ಣ ಕಂಪ್ಯೂಟರಿನಲ್ಲಿ ಓಡುವುದೂ ಇಲ್ಲ. ಕಡೆಗೆ ಕೆಲವು ಉತ್ಸಾಹಿಗಳು ಆ ಭಾಷೆಯನ್ನೇ ಬಿಡಿಸಿ ತಿಳಿದುಕೊಂಡು ಮುಕ್ತ ಡ್ರೈವರ್ ಬರೆಯಲು ಕೂತರು.

ಎಚ್‌ಪಿ ಲೇಸರ್‌ಜೆಟ್ 1020 ಇನ್ನೊಂದು ಜನಪ್ರಿಯ ಯಂತ್ರ. ಅದರೊಳಗಿನ ತಂತ್ರಾಂಶ ಸ್ವಿಚ್ ಆರಿಸಿದ ಕೂಡಲೇ ಅಳಿಸಿಹೋಗುತ್ತದೆ. ಪ್ರತಿ ಬಾರಿ ಹಚ್ಚಿದಾಗಲೂ ಕಂಪ್ಯೂಟರಿನ ಡ್ರೈವರ್ ಅದನ್ನು ಮತ್ತೆ ತುಂಬಬೇಕು. ಕರೆಂಟು ಬಂದು ಹೋಗಿ ಮಾಡುವ ಊರುಗಳಲ್ಲಿ ಇದರ ಅರ್ಥ ಏನೆಂದು ಊಹಿಸುವುದು ಕಷ್ಟವಲ್ಲ. ಸರಿಯಾದ ಡ್ರೈವರ್ ಇಲ್ಲದ ಕಂಪ್ಯೂಟರಿಗೆ ಜೋಡಿಸಿದರೆ ದೀಪ ಹತ್ತುತ್ತದೆ, ಕೆಲಸ ನಡೆಯುವುದಿಲ್ಲ.

ಎಲ್ಲ ಪ್ರಿಂಟರುಗಳೂ ಮೊದಲಿನಿಂದ ಹೀಗಿದ್ದವೆಂದಲ್ಲ. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ 1982ರಲ್ಲಿ ಕಟ್ಟಿದ ಅಡೋಬಿ ಕಂಪನಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ರೂಪಿಸಿತು. ಪುಟದಲ್ಲಿ ಎಲ್ಲಿ ಯಾವ ಗೆರೆ, ಯಾವ ಅಕ್ಷರ, ಎಷ್ಟು ಗಾತ್ರ ಎಂದು ವಿವರಿಸಿದರೆ ಪ್ರಿಂಟರೇ ಅದನ್ನು ಬಿಡಿಸಿಕೊಳ್ಳುತ್ತಿತ್ತು. 1985ರಲ್ಲಿ ಬಂದ ಆಪಲ್ ಲೇಸರ್‌ರೈಟರ್ ಈ ಭಾಷೆ ಬಲ್ಲ ಯಂತ್ರ. ಅದನ್ನು ಒಂದು ತಂತಿಯ ಮೇಲೆ ಹಲವು ಮ್ಯಾಕಿಂಟಾಷ್‌ಗಳು ಹಂಚಿಕೊಳ್ಳಬಹುದಿತ್ತು. ಆದರೆ ಅದರ ಬೆಲೆ 6,995 ಡಾಲರ್. ಬೆಲೆ ಇಳಿಸಲು ಹೊರಟ ತಯಾರಕರು ತೊಂಬತ್ತರ ದಶಕದಲ್ಲಿ ಪ್ರಿಂಟರಿನ ಒಳಗಿನ ಬುದ್ಧಿಯನ್ನೆಲ್ಲ ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹೊರಿಸಿದರು. ಯಂತ್ರ ಅಗ್ಗವಾಯಿತು, ನಮ್ಮಂಥ ದೇಶದ ಸಣ್ಣ ಅಂಗಡಿಗೂ ಲೇಸರ್ ಪ್ರಿಂಟರ್ ಎಟುಕಿತು. ಆ ಉಪಕಾರ ಸಣ್ಣದಲ್ಲ. ಆದರೆ ಅದರ ಜೊತೆಗೇ ಪ್ರಿಂಟರು ಒಂದು ಆಪರೇಟಿಂಗ್ ಸಿಸ್ಟಂಗೆ, ಅದರ ಒಂದು ಆವೃತ್ತಿಗೆ ಕಟ್ಟುಬಿತ್ತು. ಆವೃತ್ತಿ ಬದಲಾದಾಗ ಡ್ರೈವರ್ ಬರದಿದ್ದರೆ ಚೆನ್ನಾಗಿರುವ ಯಂತ್ರ ಮೂಲೆ ಸೇರುತ್ತದೆ.

ದಾರಿಯ ಕಥೆಯೂ ಸುಲಭದ್ದಾಗಿರಲಿಲ್ಲ. ಯೂನಿಕ್ಸ್‌ನವರಿಗೆ ಅವರದೇ ಪದ್ಧತಿಯಿತ್ತು, ಆಪಲ್‌ನವರಿಗೆ ಆಪಲ್‌ಟಾಕ್, ವಿಂಡೋಸ್‌ನವರಿಗೆ ಎಸ್‌ಎಂಬಿ. ಈ ಗೋಡೆಯಲ್ಲಿ ಮೊದಲ ಕಿಂಡಿ ಕೊರೆದವರು ಆಂಡ್ರ್ಯೂ ಟ್ರಿಜೆಲ್. 1991ರ ಕೊನೆಯಲ್ಲಿ ಅವರು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧನಾ ವಿದ್ಯಾರ್ಥಿ. ತಮ್ಮ ಪಿಸಿಯನ್ನು ಯೂನಿಕ್ಸ್ ಯಂತ್ರದೊಂದಿಗೆ ಮಾತಾಡಿಸಬೇಕಿತ್ತು, ಅದಕ್ಕೆ ಬೇಕಾದ ಮಾಹಿತಿ ಕೈಗೆ ಸಿಗಲಿಲ್ಲ. ಎರಡು ಯಂತ್ರಗಳ ನಡುವೆ ತಂತಿಯಲ್ಲಿ ಹರಿದಾಡುವ ದತ್ತಾಂಶವನ್ನು ಗಮನಿಸುತ್ತ, ಇದನ್ನು ಕೇಳಿದರೆ ಅದು ಉತ್ತರ ಎಂದು ಒಂದೊಂದೇ ಗುರುತು ಹಾಕಿಕೊಂಡು, ಅದೇ ರೀತಿ ನಡೆದುಕೊಳ್ಳುವ ತಂತ್ರಾಂಶ ಬರೆದರು. ಮುಂದೆ ಅದೇ ‘ಸಾಂಬಾ’ ಆಯಿತು. ಎಸ್, ಎಂ, ಬಿ ಅಕ್ಷರಗಳು ಆ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿ ಆ ಹೆಸರು ಆರಿಸಿದರು. ವಿಂಡೋಸ್ ಪಿಸಿಗಳು ಲಿನಕ್ಸ್ ಸರ್ವರಿನಲ್ಲಿ ಫೈಲು ಇಡಲು, ಅದಕ್ಕೆ ಜೋಡಿಸಿದ ಪ್ರಿಂಟರಿಗೆ ಪುಟ ಕಳಿಸಲು ಸಾಧ್ಯವಾದದ್ದು ಹೀಗೆ.

ಆ ಕಿಂಡಿ ಬಾಗಿಲಾಗಲು ಕೋರ್ಟಿನವರೆಗೂ ಹೋಗಬೇಕಾಯಿತು. 2004ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 497 ದಶಲಕ್ಷ ಯೂರೋ ದಂಡ ಹಾಕಿ, ಸರ್ವರುಗಳ ನಡುವಿನ ಮಾತುಕತೆಯ ವಿವರವನ್ನು ಸ್ಪರ್ಧಿಗಳಿಗೆ ಕೊಡುವಂತೆ ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ತಂಡದ ಪರವಾಗಿ ಒಂದು ಸಂಸ್ಥೆ 10,000 ಯೂರೋ ಕಟ್ಟಿ ಆ ದಾಖಲೆಗಳನ್ನು ಪಡೆಯಿತು. ಹದಿನೈದು ವರ್ಷ ತಂತಿಗೆ ಕಿವಿಗೊಟ್ಟು ತಿಳಿದುಕೊಂಡದ್ದರ ಅಧಿಕೃತ ವಿವರ ಅವರ ಕೈಗೆ ಬಂದದ್ದು ಆಗ. ಹೊಂದಿಕೊಂಡು ಕೆಲಸ ಮಾಡುವುದು ಕಂಪನಿಯ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಬಳಕೆದಾರರ ಹಕ್ಕು ಎಂಬ ಮಾತಿಗೆ ಕಾನೂನಿನ ಬಲ ಸಿಕ್ಕ ಈ ಪ್ರಕರಣ ಪ್ರಿಂಟರ್ ಕೊಳ್ಳುವ ಪ್ರತಿ ಇಲಾಖೆಗೂ ಗೊತ್ತಿರಬೇಕು.

ಸಾಂಬಾ ದಾರಿ ಮಾಡಿಕೊಟ್ಟಿತು, ಭಾಷೆಯ ತೊಡಕು ಹಾಗೇ ಉಳಿಯಿತು. ಅದಕ್ಕೆ ಉತ್ತರ ಐಪಿಪಿ, ಅಂದರೆ ಇಂಟರ್ನೆಟ್ ಪ್ರಿಂಟಿಂಗ್ ಪ್ರೊಟೊಕಾಲ್. ಇದರ ಮೊದಲ ಆವೃತ್ತಿ 1999ರಲ್ಲಿ ಪ್ರಕಟವಾಯಿತು. ನೋಡಲು ಸರಳ, ಒಳಗೆ ದೊಡ್ಡ ಯೋಚನೆ. ವೆಬ್ ಪುಟ ತರಿಸುವ ಎಚ್‌ಟಿಟಿಪಿ ಮೇಲೆಯೇ ಇದು ಕೂತಿದೆ, ಇದರ ಬಾಗಿಲು 631ನೇ ಪೋರ್ಟ್. ಪುಟ ಕಳಿಸುವ ಮೊದಲು ಕಂಪ್ಯೂಟರ್ ಪ್ರಿಂಟರನ್ನು ವಿಚಾರಿಸುತ್ತದೆ. ನಿನ್ನಲ್ಲಿ ಯಾವ ಅಳತೆಯ ಕಾಗದವಿದೆ, ಎರಡೂ ಬದಿ ತೆಗೆಯುತ್ತೀಯಾ, ಬಣ್ಣ ಇದೆಯೇ, ಇಂಚಿಗೆ ಎಷ್ಟು ಚುಕ್ಕಿ, ಪಿಡಿಎಫ್ ತಿಳಿಯುತ್ತದೆಯೇ, ಜೆಪೆಗ್ ತಿಳಿಯುತ್ತದೆಯೇ? ಪ್ರಿಂಟರು ಒಂದೊಂದಕ್ಕೂ ಉತ್ತರ ಕೊಡುತ್ತದೆ. ಮೊದಲು ಡ್ರೈವರಿನಲ್ಲಿ ಬರೆದಿಟ್ಟಿರುತ್ತಿದ್ದ ವಿವರವೆಲ್ಲ ಈಗ ಪ್ರಿಂಟರಿನ ಬಾಯಿಂದಲೇ ಬರುತ್ತದೆ. ಟೋನರ್ ಮುಗಿದಿದೆ, ಕಾಗದ ಸಿಕ್ಕಿಕೊಂಡಿದೆ ಎಂಬುದನ್ನೂ ಅದೇ ಹೇಳುತ್ತದೆ. ಕೇಳುವವರು ವಿಂಡೋಸೋ ಲಿನಕ್ಸೋ ಮ್ಯಾಕೋ ಎಂಬುದು ಅದಕ್ಕೆ ಬೇಕಿಲ್ಲ.

ಐಪಿಪಿಯನ್ನು ಕಾಗದದ ಮೇಲಿನ ನಿಯಮವಾಗಿಯೇ ಉಳಿಯಲು ಬಿಡದವರು ಮೈಕೇಲ್ ಸ್ವೀಟ್. ಅವರು 1997ರಲ್ಲಿ ಬರೆಯಲು ತೊಡಗಿದ ‘ಕಪ್ಸ್’ ಎಂಬ ಮುಕ್ತ ತಂತ್ರಾಂಶವನ್ನು ಲಿನಕ್ಸ್ ಲೋಕ ಅಪ್ಪಿಕೊಂಡಿತು. 2002ರಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ ಎಕ್ಸ್ 10.2ಕ್ಕೆ ಅದನ್ನೇ ತಂದಿತು, 2007ರಲ್ಲಿ ಕೊಂಡೂ ಕೊಂಡಿತು, ಸ್ವೀಟ್ ಆಪಲ್ ಸೇರಿದರು. ಹಾಗಾಗಿ ಇವತ್ತು ಲಿನಕ್ಸ್ ಮತ್ತು ಮ್ಯಾಕ್ ಎರಡರ ಮುದ್ರಣ ವ್ಯವಸ್ಥೆಗೂ ಮೂಲ ಒಂದೇ. ಸ್ವೀಟ್ 2019ರಲ್ಲಿ ಆಪಲ್ ಬಿಟ್ಟ ಮೇಲೆ ಓಪನ್‌ಪ್ರಿಂಟಿಂಗ್ ಬಳಗ ಅದನ್ನು ಮುಂದುವರಿಸುತ್ತಿದೆ. ಟಿಲ್ ಕಾಂಪೆಟರ್ ಮುನ್ನಡೆಸುವ ಆ ಬಳಗದಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ಭಾರತದ ಅನೇಕ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೆಲಸ ಮಾಡಿದ್ದಾರೆ. ನಮ್ಮ ಕಾಲೇಜುಗಳು ತಿಳಿದಿರಬೇಕಾದ ಸಂಗತಿ ಇದು. ಜಗತ್ತಿನೆಲ್ಲೆಡೆಯ ಲಿನಕ್ಸ್ ಕಂಪ್ಯೂಟರುಗಳಲ್ಲಿ ಓಡುವ ತಂತ್ರಾಂಶಕ್ಕೆ ಕೈಹಚ್ಚುವ ಅವಕಾಶ ಎರಡನೇ ವರ್ಷದ ವಿದ್ಯಾರ್ಥಿಗೂ ಇದೆ.

ಆದರೂ ಪ್ರಿಂಟರ್ ಕಂಪನಿಗಳನ್ನು ದಾರಿಗೆ ತಂದದ್ದು ಲಿನಕ್ಸ್ ಅಲ್ಲ, ಮೊಬೈಲ್ ಫೋನು. ಐಫೋನಿನಲ್ಲಿ ಬಳಕೆದಾರರು ಡ್ರೈವರ್ ಹಾಕಿಕೊಳ್ಳಲು ಜಾಗವೇ ಇಲ್ಲ. 2010ರ ನವೆಂಬರಿನಲ್ಲಿ ಆಪಲ್ ಏರ್‌ಪ್ರಿಂಟ್ ತಂದಾಗ ಪ್ರಿಂಟರೇ ಐಪಿಪಿ ಕಲಿಯಬೇಕಾಯಿತು. ಮೊದಲಿಗೆ ಎಚ್‌ಪಿಯ ಕೆಲವೇ ಯಂತ್ರಗಳಿಗೆ ಅದು ಬರುತ್ತಿತ್ತು. ಫೋನಿನಿಂದ ಪ್ರಿಂಟ್ ಬಾರದ ಯಂತ್ರವನ್ನು ಮಾರುವುದು ಕಷ್ಟವಾದಂತೆ ಉಳಿದವರೂ ಕಲಿತರು. 2013ರಲ್ಲಿ ಎರಡು ಬೆಳವಣಿಗೆ ನಡೆದವು. ಪ್ರಿಂಟರ್ ವರ್ಕಿಂಗ್ ಗ್ರೂಪ್ ‘ಐಪಿಪಿ ಎವೆರಿವೇರ್’ ಎಂಬ ಮಾನದಂಡ ಹೊರತಂದಿತು. ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಕೂಡಿ ಮೋಪ್ರಿಯಾ ಒಕ್ಕೂಟ ಕಟ್ಟಿದವು. 2017ರ ಆಂಡ್ರಾಯ್ಡ್ 8ರಿಂದ ಬೇರೆ ಆಪ್ ಇಲ್ಲದೆಯೇ ಫೋನಿನಿಂದ ಪ್ರಿಂಟ್ ಕೊಡಬಹುದಾಯಿತು. ಏರ್‌ಪ್ರಿಂಟ್, ಮೋಪ್ರಿಯಾ, ಐಪಿಪಿ ಎವೆರಿವೇರ್ ಎಂದು ಪೆಟ್ಟಿಗೆಯ ಮೇಲೆ ಹೆಸರು ಏನೇ ಇರಲಿ, ಮೂರರ ಒಳಗಿರುವುದೂ ಅದೇ ಐಪಿಪಿ. ಫೋನಿಗಾಗಿ ಕಲಿತ ಪ್ರಿಂಟರು ಲಿನಕ್ಸ್‌ಗೂ ತಾನಾಗಿ ಕಾಣಿಸಿಕೊಳ್ಳತೊಡಗಿತು.

ಡ್ರೈವರ್ ಬಿಡಬೇಕೆಂಬುದಕ್ಕೆ ಅನುಕೂಲಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. ಡ್ರೈವರ್ ಎಂದರೆ ಕಂಪ್ಯೂಟರಿನ ಒಳಮನೆಗೆ ಹೊರಗಿನವರು ಬರೆದ ತಂತ್ರಾಂಶಕ್ಕೆ ಕೊಟ್ಟ ಪ್ರವೇಶ. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸಗಳನ್ನು ಸಾಲಾಗಿ ನಿಲ್ಲಿಸುವ ‘ಸ್ಪೂಲರ್’ ಅತಿ ಹೆಚ್ಚಿನ ಅಧಿಕಾರದಲ್ಲಿ ಓಡುತ್ತದೆ. 2010ರಲ್ಲಿ ಪತ್ತೆಯಾದ, ಇರಾನಿನ ಅಣು ಕೇಂದ್ರದ ಯಂತ್ರಗಳನ್ನು ಹಾಳುಗೆಡವಿದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡಲು ಬಳಸಿದ ಲೋಪಗಳಲ್ಲಿ ಈ ಸ್ಪೂಲರಿನದೂ ಒಂದು. 2021ರ ಜೂನ್ ಕೊನೆಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಲೋಪ ಹೊರಬಿತ್ತು. ಡ್ರೈವರ್ ಎಂಬ ನೆಪದಲ್ಲಿ ದುಷ್ಟ ತಂತ್ರಾಂಶವನ್ನು ಒಳಗೆ ತೂರಿಸಿ ಇಡೀ ಕಂಪ್ಯೂಟರನ್ನೇ ವಶಪಡಿಸಿಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ಜುಲೈ 6ರಂದು ತುರ್ತಾಗಿ ತಿದ್ದುಪಡಿ ಹೊರಡಿಸಿತು, ಆಗಸ್ಟಿನಿಂದ ಡ್ರೈವರ್ ಹಾಕಲು ಅಡ್ಮಿನ್ ಅಧಿಕಾರ ಕಡ್ಡಾಯ ಮಾಡಿತು.

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಆ ಸೆಪ್ಟೆಂಬರ್ ಚೆನ್ನಾಗಿ ನೆನಪಿರುತ್ತದೆ. ಅಪ್‌ಡೇಟ್ ಬಂದದ್ದೇ ತಡ, ಶೇರ್ ಮಾಡಿದ್ದ ಪ್ರಿಂಟರುಗಳು ಸಿಗದಾದವು, ತೆರೆಯ ಮೇಲೆ 11ಬಿ ಎಂದು ಮುಗಿಯುವ ದೋಷಸಂಖ್ಯೆ. ಅಂದಿನ ಕೆಲಸ ನಡೆಯಬೇಕಲ್ಲ, ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡಿದರೆ ಸರಿಹೋಗುತ್ತದೆಂಬ ಸಲಹೆ ಎಲ್ಲೆಡೆ ಹರಡಿತು. ಸರಿಯೇನೋ ಹೋಗುತ್ತಿತ್ತು. ಆದರೆ ಆ ಸೊನ್ನೆ, ಹೊಸದಾಗಿ ಬಂದಿದ್ದ ರಕ್ಷಣೆಯನ್ನೇ ಆರಿಸುತ್ತಿತ್ತು. ಎಷ್ಟೋ ಕಚೇರಿಗಳಲ್ಲಿ ಅದು ಹಾಗೇ ಉಳಿದಿರುವ ಸಂಭವವಿದೆ. ಇದಕ್ಕೆ ಮೊದಲು, 2017ರಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶದ ಹಾವಳಿಯಾದ ಮೇಲೆ ವಿಂಡೋಸ್ 10 ಹಳೆಯ ಎಸ್‌ಎಂಬಿ 1ನ್ನು ಕೈಬಿಟ್ಟಾಗಲೂ ಎಕ್ಸ್‌ಪಿ ಕಾಲದ ಯಂತ್ರಗಳಿದ್ದ ಕಡೆ ಇಂಥದೇ ಪಾಡು, ಇಂಥದೇ ಅಪಾಯಕರ ಉಪಾಯ. ಪ್ರಿಂಟ್ ಬರಲೆಂದು ಬಾಗಿಲ ಚಿಲಕ ತೆಗೆದಿಡುವ ಸ್ಥಿತಿಗೆ ಕಚೇರಿಗಳನ್ನು ತಂದದ್ದು ಹಳೆಯ ಹಂಚಿಕೆ ಪದ್ಧತಿ ಮತ್ತು ಡ್ರೈವರಿನ ಅವಲಂಬನೆ.

ಈಗ ಮೈಕ್ರೋಸಾಫ್ಟ್ ಕೂಡ ಅದೇ ತೀರ್ಮಾನಕ್ಕೆ ಬಂದಿದೆ. ಪ್ರಿಂಟರ್ ತಯಾರಕರ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕೈಬಿಡುವುದಾಗಿ 2023ರ ಸೆಪ್ಟೆಂಬರಿನಲ್ಲಿ ಅದು ಪ್ರಕಟಿಸಿತು. 2027ರ ಹೊತ್ತಿಗೆ ಭದ್ರತಾ ತಿದ್ದುಪಡಿಗಳಿಗಷ್ಟೇ ಅಲ್ಲಿ ಅವಕಾಶ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಮೋಪ್ರಿಯಾ ಮಾನ್ಯತೆ ಪಡೆದ ಪ್ರಿಂಟರುಗಳನ್ನಷ್ಟೇ ಒಪ್ಪುವ, ಹೊರಗಿನ ಡ್ರೈವರನ್ನೇ ಬಿಟ್ಟುಕೊಳ್ಳದ ಸಂರಕ್ಷಿತ ಮುದ್ರಣ ವಿಧಾನವಿದೆ. ಬೇಕಾದವರು ಹಚ್ಚಿಕೊಳ್ಳಬಹುದು. ಹಳೆಯ ಪ್ರಿಂಟರುಗಳು ನಾಳೆಯೇ ನಿಲ್ಲುತ್ತವೆಂದು ಯಾರೂ ಗಾಬರಿಯಾಗಬೇಕಿಲ್ಲ, ತಯಾರಕರಿಂದ ಡ್ರೈವರ್ ತಂದು ಹಾಕುವ ದಾರಿ ಮುಚ್ಚಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ. ಏಳೆಂಟು ವರ್ಷ ಬಾಳುವ ಯಂತ್ರವನ್ನು ಇವತ್ತು ಕೊಳ್ಳುವವರು ಅದನ್ನು ಗಮನಿಸಲೇಬೇಕು.

ಕನ್ನಡದವರಿಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ. ನಮ್ಮ ಕಚೇರಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಸಾವಿರಾರು ಫೈಲುಗಳಿವೆ. ಇವು ಯೂನಿಕೋಡ್ ಅಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಅಂಥ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಒಯ್ದು ತೆರೆದರೆ ‘ನ’ ಇರಬೇಕಾದಲ್ಲಿ ಪೌಂಡಿನ ಚಿಹ್ನೆ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರ. ಯೂನಿಕೋಡಿನಲ್ಲಿ ಬರೆದದ್ದಕ್ಕೂ ಬೇರೆ ಬಗೆಯ ತೊಡಕಿದೆ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಲಿನಕ್ಸ್‌ನಲ್ಲಿ ಲೋಹಿತ್. ಫಾಂಟ್ ಬದಲಾದಂತೆ ಅಕ್ಷರದ ಅಗಲ ಬದಲಾಗಿ ಸಾಲು ಒಡೆಯುವ ಜಾಗ ಸರಿಯುತ್ತದೆ, ಒಂದು ಪುಟದ ಅರ್ಜಿಯ ಸಹಿ ಎರಡನೇ ಪುಟಕ್ಕೆ ಜಾರುತ್ತದೆ. ಪೆನ್‌ಡ್ರೈವ್ ಹಿಡಿದು ಬೇರೆಯವರ ಕಂಪ್ಯೂಟರಿಗೆ ಓಡುವ ಅಭ್ಯಾಸದಿಂದ ಆಗುವ ನಷ್ಟ ಇದು.

ಬರೆದ ಕಂಪ್ಯೂಟರಿನಿಂದಲೇ ನೆಟ್‌ವರ್ಕ್ ಮೂಲಕ ಪ್ರಿಂಟ್ ಕೊಟ್ಟರೆ ಈ ತಾಪತ್ರಯವಿಲ್ಲ. ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಲ್ಲ ಬರೆದವರ ಯಂತ್ರದಲ್ಲೇ ಕೂಡಿಕೊಂಡು, ಫಾಂಟ್ ಒಳಗೇ ಅಡಗಿದ ಪಿಡಿಎಫ್ ಆಗಿಯೋ ಇಡೀ ಪುಟದ ಚುಕ್ಕಿಚಿತ್ರವಾಗಿಯೋ ಪ್ರಿಂಟರಿಗೆ ಹೋಗುತ್ತದೆ. ಪ್ರಿಂಟರಿಗೆ ಕನ್ನಡ ಗೊತ್ತಿರಬೇಕಾಗಿಲ್ಲ. ‘ಸ್ತ್ರೀ’ ಎಂಬ ಅಕ್ಷರ ತೆರೆಯಲ್ಲಿ ಹೇಗಿತ್ತೋ ಕಾಗದದಲ್ಲೂ ಹಾಗೇ ಬರುತ್ತದೆ.

ಇರುವ ಯಂತ್ರವನ್ನು ಏನು ಮಾಡುವುದು? ಎಸೆಯಬೇಕಿಲ್ಲ. ಡ್ರೈವರನ್ನು ಪ್ರತಿ ಕಂಪ್ಯೂಟರಿನಲ್ಲೂ ಹಾಕುವ ಬದಲು ಒಂದೇ ಕಡೆ ಹಾಕಿದರಾಯಿತು. ಮೂಲೆಯಲ್ಲಿರುವ ಹಳೆಯ ಪಿಸಿಗೆ ಲಿನಕ್ಸ್ ಹಾಕಿ, ಹಳೆಯ ಪ್ರಿಂಟರನ್ನು ಯುಎಸ್‌ಬಿಯಿಂದ ಅದಕ್ಕೆ ಜೋಡಿಸಿ, ಕಪ್ಸ್‌ನಲ್ಲಿ ಪ್ರಿಂಟರ್ ಸೇರಿಸಿ ‘ಶೇರ್’ ಎಂಬುದಕ್ಕೆ ಗುರುತು ಹಾಕಬೇಕು. ಇದೆಲ್ಲ ಬ್ರೌಸರಿನಲ್ಲೇ ನಡೆಯುವ ಕೆಲಸ. ಆಮೇಲೆ ಉಳಿದ ಕಂಪ್ಯೂಟರುಗಳು ಆ ಪಿಸಿಗೆ ಸಾಮಾನ್ಯ ಭಾಷೆಯಲ್ಲಿ ಪುಟ ಕಳಿಸುತ್ತವೆ, ಪ್ರಿಂಟರಿನ ಭಾಷೆಗೆ ತಿರುಗಿಸುವುದು ಅದರ ಹೊಣೆ. ಮ್ಯಾಕ್, ಲಿನಕ್ಸ್, ಐಫೋನುಗಳಿಗೆ ಅದು ತಾನಾಗಿ ಕಾಣಬೇಕು. ವಿಂಡೋಸ್‌ನಲ್ಲಿ ಕಾಣದಿದ್ದರೆ ಪ್ರಿಂಟರ್ ಸೇರಿಸುವಾಗ ಅದರ ವಿಳಾಸವನ್ನು ಕೈಯಿಂದ ಬರೆಯಬಹುದು. ಎಲ್‌ಬಿಪಿ 2900ಕ್ಕೆ ಕ್ಯಾನನ್ ಡ್ರೈವರನ್ನೇ ನಂಬುವುದಾದರೆ ರಾಸ್ಬೆರಿ ಪೈ ಬೇಡ, ಇಂಟೆಲ್ ಪ್ರೊಸೆಸರಿನ ಹಳೆಯ ಪಿಸಿಯೇ ಆಗಬೇಕು. ಜೆರಾಕ್ಸ್ ಅಂಗಡಿಯವರಿಗೆ ಇನ್ನೊಂದು ಅನುಕೂಲವಿದೆ. ಬಂದ ಕೆಲಸವನ್ನೆಲ್ಲ ತಡೆಹಿಡಿದು, ಪುಟ ಎಣಿಸಿ ದುಡ್ಡು ಪಡೆದ ಮೇಲೆ ಬಿಡುಗಡೆ ಮಾಡುವ ಹಾಗೆ ಕಪ್ಸ್‌ಗೆ ಹೇಳಬಹುದು. ಗಿರಾಕಿ ತಮ್ಮ ಫೋನಿನಿಂದಲೇ ಪ್ರಿಂಟ್ ಕೊಡುವುದರಿಂದ ಅವರ ಆಧಾರ್ ಫೈಲು ಅಂಗಡಿಯವರ ವಾಟ್ಸಾಪಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಹೊಸ ಪ್ರಿಂಟರಾದರೂ ಕೆಲವೊಮ್ಮೆ ‘ಆಫ್‌ಲೈನ್’ ಎಂದು ಕೂತುಬಿಡುತ್ತದೆ. ಬಹಳ ಸಲ ದೋಷ ಪ್ರಿಂಟರಿನದಲ್ಲ, ರೂಟರಿನದು. ಕರೆಂಟು ಹೋಗಿ ಬಂದಾಗ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸದಲ್ಲಿ ಹುಡುಕುತ್ತಿರುತ್ತದೆ. ರೂಟರಿನಲ್ಲಿ ಆ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಸಮಸ್ಯೆ ಮುಗಿಯುತ್ತದೆ. ಫೋನು ‘ಗೆಸ್ಟ್’ ವೈಫೈನಲ್ಲಿದ್ದರೆ ಪ್ರಿಂಟರ್ ಕಾಣಿಸದು. ಪ್ರಿಂಟರ್ ತನ್ನ ಇರವನ್ನು ಸಾರುವ ಸಂದೇಶ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ.

ನೆಟ್‌ವರ್ಕಿಗೆ ತೆರೆದುಕೊಂಡ ಪ್ರಿಂಟರಿಂದ ಅಪಾಯವಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಪ್ಸ್‌ನಲ್ಲೂ ದೋಷವಿರಲಿಲ್ಲವೆಂದಲ್ಲ. 2024ರ ಸೆಪ್ಟೆಂಬರಿನಲ್ಲಿ ಇಟಲಿಯ ಸಂಶೋಧಕ ಸಿಮೋನೆ ಮಾರ್ಗರಿಟೆಲ್ಲಿ ಅದರ ಜೊತೆಗೆ ಬರುವ ‘ಕಪ್ಸ್-ಬ್ರೌಸ್ಡ್’ ಎಂಬ ಸೇವೆಯಲ್ಲಿ ಗಂಭೀರ ಲೋಪ ತೋರಿಸಿದರು. 631ನೇ ಪೋರ್ಟಿಗೆ ಯಾರೋ ಕಳಿಸಿದ ಸಂದೇಶವನ್ನು ನಂಬಿ ಅದು ಸುಳ್ಳು ಪ್ರಿಂಟರನ್ನು ಸೇರಿಸಿಕೊಳ್ಳುತ್ತಿತ್ತು, ಅದಕ್ಕೆ ಪ್ರಿಂಟ್ ಕೊಟ್ಟಾಗ ದುಷ್ಟ ಆಜ್ಞೆ ಓಡುತ್ತಿತ್ತು. ತಿದ್ದುಪಡಿ ಬೇಗ ಬಂತು, ಲೋಪದ ವಿವರವನ್ನು ಎಲ್ಲರೂ ಓದಿ ಪರೀಕ್ಷಿಸಬಹುದಾಗಿತ್ತು. ಪ್ರಿಂಟರಿನ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಬಾರದು, ಪಾಸ್‌ವರ್ಡ್ ಇಡಬೇಕು, ಫರ್ಮ್‌ವೇರ್ ಅಪ್‌ಡೇಟ್ ಮಾಡುತ್ತಿರಬೇಕು. ಇಷ್ಟು ಎಚ್ಚರ ಯಾವ ಪದ್ಧತಿಗೂ ಬೇಕು.

ಆಫ್‌ಸೆಟ್ ಪ್ರೆಸ್ಸಿನವರಿಗೆ, ಬಣ್ಣ ಕರಾರುವಾಕ್ಕಾಗಿರಬೇಕಾದ ಫೋಟೊ ಲ್ಯಾಬುಗಳಿಗೆ ಕಂಪನಿಯ ವಿಶೇಷ ತಂತ್ರಾಂಶ ಬೇಕೇಬೇಕು, ಅದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಮಾತು ಬರುವುದು ದಾಖಲೆ, ಅರ್ಜಿ, ಪ್ರಶ್ನೆಪತ್ರಿಕೆ, ತೀರ್ಪಿನ ಪ್ರತಿ ತೆಗೆಯುವ ಸಾಮಾನ್ಯ ಯಂತ್ರದ ಬಗ್ಗೆ. ಕೇಂದ್ರ ಸರ್ಕಾರ 2010ರ ನವೆಂಬರಿನಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ಹೊರಡಿಸಿದೆ. 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಬಂತು. ಪಕ್ಕದ ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಓಡುತ್ತಿರುವುದು ಲಿನಕ್ಸ್, ಮಕ್ಕಳು ಐಟಿ ಪರೀಕ್ಷೆ ಬರೆಯುವುದೂ ಅದರಲ್ಲೇ. ಅಲ್ಲಿ ವಿಂಡೋಸ್ ಡ್ರೈವರ್ ಮಾತ್ರ ಇರುವ ಪ್ರಿಂಟರ್ ಕೊಂಡರೆ ಪೆಟ್ಟಿಗೆ ಒಡೆದ ದಿನವೇ ಹಣ ದಂಡ. ಕರ್ನಾಟಕದಲ್ಲಿ ನಾಳೆ ಒಂದು ಶಾಲೆ ಲಿನಕ್ಸ್‌ಗೆ ಹೋಗಬೇಕೆಂದರೆ ಇವತ್ತು ಕೊಂಡ ಪ್ರಿಂಟರ್ ಅಡ್ಡ ನಿಲ್ಲಬಾರದು.

ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನಲ್ಲಿ ಬಿಡ್ ಕರೆಯುವಾಗ, ಟೆಂಡರ್ ದಾಖಲೆ ತಯಾರಿಸುವಾಗ ತಾಂತ್ರಿಕ ವಿವರದಲ್ಲಿ ಒಂದು ಸಾಲು ಸೇರಬೇಕು: ಪ್ರಿಂಟರು ಐಪಿಪಿ ಎವೆರಿವೇರ್ ಅಥವಾ ಮೋಪ್ರಿಯಾ ಮಾನ್ಯತೆ ಪಡೆದಿರಬೇಕು, ನೆಟ್‌ವರ್ಕ್ ಕೇಬಲ್ ಜೋಡಿಸುವ ವ್ಯವಸ್ಥೆ ಇರಬೇಕು. ಯಂತ್ರ ಬಂದ ದಿನ, ಬಿಲ್ಲಿಗೆ ಸಹಿ ಹಾಕುವ ಮೊದಲು ಒಂದು ಪರೀಕ್ಷೆ ನಡೆಯಬೇಕು. ಪೆಟ್ಟಿಗೆಯಲ್ಲಿ ಬಂದ ಸಿಡಿಯನ್ನು ಪಕ್ಕಕ್ಕಿಟ್ಟು, ಏನನ್ನೂ ಡೌನ್‌ಲೋಡ್ ಮಾಡದೆ, ಒಂದು ವಿಂಡೋಸ್ ಕಂಪ್ಯೂಟರ್, ಒಂದು ಲಿನಕ್ಸ್ ಕಂಪ್ಯೂಟರ್, ಒಂದು ಆಂಡ್ರಾಯ್ಡ್ ಫೋನಿನಿಂದ ಎರಡು ಪುಟದ ಒಂದೇ ಕನ್ನಡ ಪಿಡಿಎಫ್ ಅನ್ನು ಎರಡೂ ಬದಿಗೆ ತೆಗೆಸಬೇಕು. ಪುಟದಲ್ಲಿ ಒತ್ತಕ್ಷರಗಳಿರಲಿ, ಒಂದು ಕೋಷ್ಟಕವಿರಲಿ, ಇಲಾಖೆಯ ಲಾಂಛನವಿರಲಿ. ಮೂರು ಪ್ರತಿಗಳನ್ನೂ ಕಡತಕ್ಕೆ ಲಗತ್ತಿಸಿ, ಅವು ಹೊಂದಿಕೊಂಡರಷ್ಟೇ ಪಾವತಿಗೆ ಶಿಫಾರಸು ಮಾಡುವ ಅಧಿಕಾರ ಆ ಶಾಲೆಯ ಮುಖ್ಯ ಶಿಕ್ಷಕರಿಗೆ, ಆ ಪಂಚಾಯಿತಿಯ ಪಿಡಿಒಗೆ ಸಿಗಬೇಕು.